8 ಜಿಬಿ ಲ್ಯಾಪ್‌ಟಾಪ್‌ನಲ್ಲೇ ನಮ್ಮ ಕಿರುಚಿತ್ರ ಎಡಿಟ್ ಮಾಡಿದೆ

"ಈ ಡಬ್ಬಾ ಲ್ಯಾಪ್‌ಟಾಪ್‌ನಲ್ಲಿ 4ಕೆ ಆಗಲ್ಲ ಕಣೋ, ಸುಮ್ನೆ ಸ್ಟುಡಿಯೋಗೆ ಕೊಟ್ಬಿಡು" ಅಂತ ನಮ್ಮ ತಂಡದವರೇ ಹೇಳಿದ್ದರು. ಸ್ಟುಡಿಯೋದವರು ಕೇಳಿದ್ದು ಹತ್ತಿರ ಹತ್ತಿರ 12 ಸಾವಿರ. ನಮ್ಮ ಇಡೀ ಸಿನಿಮಾದ ಬಜೆಟ್ಟೇ ಅದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಎಡಿಟಿಂಗ್ ಸಾಫ್ಟ್‌ವೇರ್‌ಗಳಲ್ಲಿ ಪ್ರೀಮಿಯರ್ ಪ್ರೊ ಮೊದಲೇ ಬಿಟ್ಟೆ. ವಿದ್ಯಾರ್ಥಿಗಳಿಗೆ ರಿಯಾಯಿತಿ ಇದ್ದರೂ ಬಾಡಿಗೆ ಕಟ್ಟುತ್ತಲೇ ಇರಬೇಕು. ಕ್ರ್ಯಾಕ್, ಅಂದ್ರೆ ಕದ್ದ ಪ್ರತಿ, ಹಾಕುವ ಮಾತೇ ಇಲ್ಲ. ಡಾವಿಂಚಿ ರಿಸಾಲ್ವ್ ಉಚಿತ, ವಾಟರ್‌ಮಾರ್ಕ್ ಇಲ್ಲ, ಕಲರ್ ಕೆಲಸಕ್ಕೆ (ದೃಶ್ಯಗಳ ಬಣ್ಣ ತಿದ್ದೋಕೆ) ಅದನ್ನು ಮೀರಿಸೋದು ಕಷ್ಟ. ಆದರೆ ಅದು ಕೇಳುವಷ್ಟು ರ್‍ಯಾಮ್, ಗ್ರಾಫಿಕ್ಸ್ ಕಾರ್ಡ್ ನನ್ನ ಹತ್ತಿರ ಎಲ್ಲಿದೆ? ನನ್ನ ಮಷೀನಿನಲ್ಲಿ ಟೈಮ್‌ಲೈನ್ ಮುಗ್ಗರಿಸುತ್ತಾ ಓಡುತ್ತಿತ್ತು.

ಹಾಗಾಗಿ ಕಟಿಂಗ್ ಪೂರ್ತಿ ಕೆಡೆನ್‌ಲೈವ್ ಅನ್ನೋ ಉಚಿತ ಎಡಿಟರ್‌ನಲ್ಲಿ, ಪ್ರಾಕ್ಸಿ (ಮೂಲ ವಿಡಿಯೋದ ಹಗುರವಾದ ಸಣ್ಣ ಪ್ರತಿ) ಹಾಕಿಕೊಂಡು. ಸುಮಾರು 100 ಜಿಬಿ ಫೂಟೇಜ್‌ಗೆ ಪ್ರಾಕ್ಸಿ ಆಗೋಕೆ ಒಂದು ರಾತ್ರಿ ಬೇಕಾಯಿತು, ಆಮೇಲೆ ಬೆಣ್ಣೆಯಂತೆ ಓಡಿತು. ಮುಖ್ಯ ತೊಂದರೆ ಬಂದಿದ್ದು ಫೋನ್ ಶಾಟ್‌ಗಳಲ್ಲಿ. ಫೋನಿನ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದು) ಒಂದೇ ಸಮ ಇರಲ್ಲ, ನಾವು ಧ್ವನಿ ಬೇರೆ ರೆಕಾರ್ಡ್ ಮಾಡಿದ್ದೆವು, ಉದ್ದದ ಟೇಕ್‌ಗಳಲ್ಲಿ ಶುರುವಿನಲ್ಲಿ ಸಿಂಕ್ ಸರಿಯಾಗಿದ್ದು ಕೊನೆಗೆ ಬರುವಷ್ಟರಲ್ಲಿ ತುಟಿ ಒಂದು ಕಡೆ ಮಾತು ಒಂದು ಕಡೆ. ಎರಡು ವಾರ ಇದರಲ್ಲೇ ಹೋಯಿತು. ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಬದಲಿಸುವ ಉಚಿತ ಸಾಫ್ಟ್‌ವೇರ್‌ನಲ್ಲಿ ಕಾನ್‌ಸ್ಟಂಟ್ (ಒಂದೇ ಸಮನಾದ) ಫ್ರೇಮ್ ರೇಟ್‌ಗೆ ಬದಲಿಸಿ ಹಾಕಿದ ಮೇಲೆ ಎಲ್ಲ ಕೂತಿತು.

ಅದೇ ಹ್ಯಾಂಡ್‌ಬ್ರೇಕ್‌ನಲ್ಲಿ ಇನ್ನೊಂದು ಪ್ರಯೋಗವೂ ಆಯಿತು. ರಾತ್ರಿ ದೃಶ್ಯದಲ್ಲಿ ನಾಯ್ಸ್ (ಚಿತ್ರದ ಮೇಲಿನ ಚುಕ್ಕೆಚುಕ್ಕೆ) ಜಾಸ್ತಿ ಇತ್ತು. ರಿಸಾಲ್ವ್‌ನಲ್ಲಿ ನಾಯ್ಸ್ ರಿಡಕ್ಷನ್ ಬೇಕಂದ್ರೆ ದುಡ್ಡು ಕೊಟ್ಟು ಸ್ಟುಡಿಯೋ ಆವೃತ್ತಿ ತಗೋಬೇಕು. ಹ್ಯಾಂಡ್‌ಬ್ರೇಕ್‌ನ ಎನ್‌ಎಲ್‌ಮೀನ್ಸ್ ಅನ್ನೋ ನಾಯ್ಸ್ ತೆಗೆಯುವ ಫಿಲ್ಟರ್ ಜೋರಾಗಿ ಹಾಕಿದರೆ ನಾಯಕಿಯ ಮುಖ ಮೇಣ ಬಳಿದ ಹಾಗೆ ಕಂಡಿತು, "ಲೈಟ್" ಮಟ್ಟದಲ್ಲಿ ಇಟ್ಟರೆ ಪರವಾಗಿಲ್ಲ. ತುಂಬಾ ನಿಧಾನ, ಬೇಕಾದ ಶಾಟ್‌ಗಳಿಗೆ ಮಾತ್ರ ಹಾಕಿ.

ಸಬ್‌ಟೈಟಲ್ ಕನ್ನಡದಲ್ಲೇ ಇರಬೇಕು ಅನ್ನೋದು ನನ್ನ ಹಟ. ಯಾವ ಸಾಫ್ಟ್‌ವೇರ್ ನೋಡಿದರೂ ಮೊದಲು "ಕೃಷ್ಣ, ಸ್ತ್ರೀ, ಅರ್ಥ" ಟೈಪ್ ಮಾಡಿ ನೋಡುತ್ತಿದ್ದೆ. ಒಂದರಲ್ಲಿ ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲಿ ನಿಂತಿತು, ಅಕ್ಷರದ ನಂತರ ಬರಬೇಕಾದ ಅರ್ಕಾವತ್ತು ಅದಕ್ಕಿಂತ ಮೊದಲೇ ಬಂತು. ಕೆಡೆನ್‌ಲೈವ್‌ನಲ್ಲಿ ಯೂನಿಕೋಡ್ ಫಾಂಟ್ ಹಾಕಿದರೆ ಸರಿಯಾಗಿ ಬಂತು. ಅಕ್ಷರದ ಅಂಚು ಬಿಳಿ ಗೋಡೆ ಮೇಲೂ ಕಾಣೋ ಹಾಗೆ ಮಾಡಿದ್ದು ಹೇಗೆ ಅಂತ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಮುಂದಿನ ಸಿನಿಮಾಕ್ಕೆ ಬೇಕು.

ಕಟ್ ಮುಗಿದ ಮೇಲೆ ಡಿಎನ್‌ಎಕ್ಸ್‌ಎಚ್‌ಆರ್ ಅನ್ನೋ ಉತ್ತಮ ಗುಣಮಟ್ಟದ ವಿಡಿಯೋ ಫಾರ್ಮ್ಯಾಟ್‌ನಲ್ಲಿ ರೆಂಡರ್ ಮಾಡಿ, ಗೆಳೆಯನ ಡೆಸ್ಕ್‌ಟಾಪ್‌ಗೆ ಒಯ್ದು, ಬರೀ ಕಲರ್ ಮಾತ್ರ ರಿಸಾಲ್ವ್‌ನಲ್ಲಿ ಮಾಡಿದೆ. ಫೈಲ್ ದೈತ್ಯ ಗಾತ್ರಕ್ಕೆ ಬರುತ್ತೆ, ಡಿಸ್ಕ್‌ನಲ್ಲಿ ಜಾಗ ಇಟ್ಟುಕೊಳ್ಳಿ. ನನಗೆ ಒಟ್ಟು ಆದ ಖರ್ಚು ಒಂದು ಎಸ್‌ಎಸ್‌ಡಿ, ಮೂರೂವರೆ ಸಾವಿರದ ಆಸುಪಾಸು.