ಕಾಫಿ ಅಂಗಡಿಯಲ್ಲಿ ಸಾವಯವ ಹಾಲು: ಕೇಳಬೇಕಾದದ್ದೇನು, ಕೇಳುವುದು ಹೇಗೆ

ಬೆಂಗಳೂರಿನ ಹೊಸ ಕಾಫಿ ಅಂಗಡಿಗಳಲ್ಲಿ ‘ಸಾವಯವ ಹಾಲಿನ ಕಾಫಿ’ ಎಂಬ ಫಲಕ ಈಗ ಅಪರೂಪವೇನಲ್ಲ. ನಾಲ್ಕು ಕಾಸು ಹೆಚ್ಚು ಹೋದರೂ ಚಿಂತೆಯಿಲ್ಲ, ಹಸುವಿಗೂ ರೈತನಿಗೂ ಕೆಡುಕಾಗದ ಹಾಲನ್ನೇ ಕುಡಿಯೋಣ ಎಂದುಕೊಂಡು ಅಂಥ ಅಂಗಡಿಯನ್ನು ಹುಡುಕಿ ಹೋಗುವವರು ಒಂದು ವಿಷಯವನ್ನು ಮೊದಲೇ ತಿಳಿದಿರಬೇಕು. ಹಸು ಏನು ತಿಂದಿತು, ಎಂಥ ಕೊಟ್ಟಿಗೆಯಲ್ಲಿತ್ತು, ಅದಕ್ಕೆ ಯಾವ ಔಷಧ ಕೊಟ್ಟರು ಎಂಬುದಕ್ಕೆ ಸಾವಯವ ಎಂಬ ಮಾತು ಉತ್ತರ ಕೊಡುತ್ತದೆ. ಕರುವಿನ ಪಾಡೇನಾಯಿತು, ಹಾಲು ಕರೆದವರ ಕೈಗೆ ಎಷ್ಟು ಹಣ ಸೇರಿತು ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಬೇರೆಯಾಗಿಯೇ ಕೇಳಬೇಕು.

ಮೊದಲ ಕೆಲಸ, ಹಾಲಿನ ಪ್ಯಾಕೆಟ್ ತೋರಿಸಲು ಕೇಳುವುದು. ನಗರದ ಒಂದು ಅಂಗಡಿಯಲ್ಲಿ ನಾನು ಹೀಗೆ ಕೇಳಿದಾಗ ಕೌಂಟರಿನ ಹುಡುಗ ಬೇಸರಿಸದೆ ಒಳಗೆ ಹೋಗಿ, ಮೂಲೆ ಕತ್ತರಿಸಿದ ಖಾಲಿ ಪ್ಯಾಕೆಟ್ಟೊಂದನ್ನು ನಲ್ಲಿಯಡಿ ತೊಳೆದು ತಂದ. ಹಸಿರು ಬಣ್ಣ, ಮೇಯುತ್ತಿರುವ ಹಸುವಿನ ಚಿತ್ರ, ‘ಫಾರ್ಮ್ ಫ್ರೆಶ್’ ಎಂಬ ದೊಡ್ಡ ಅಕ್ಷರ, ಕೆಳಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ, ಎಲ್ಲವೂ ಇದ್ದವು. ಸಾವಯವ ಎಂಬ ಪದ ಮಾತ್ರ ಎಲ್ಲಿಯೂ ಇರಲಿಲ್ಲ. “ಇದು ಆರ್ಗ್ಯಾನಿಕ್ಕೇ ಸಾರ್, ಓನರ್ ಹೇಳಿದ್ದು” ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ತಪ್ಪು ಫಲಕ ಬರೆಸಿದವರದು. ಪರವಾನಗಿ ಸಂಖ್ಯೆ ಇದ್ದರೆ ಆ ಡೇರಿಗೆ ಪರವಾನಗಿ ಇದೆ ಎಂದಷ್ಟೇ ಅರ್ಥ, ಹಾಲು ಸಾವಯವ ಎಂದಲ್ಲ.

ಹಾಗಾದರೆ ಪ್ಯಾಕೆಟ್ಟಿನ ಮೇಲೆ ಏನಿರಬೇಕು? 2017ರ ಸಾವಯವ ಆಹಾರ ನಿಯಮಗಳ ಪ್ರಕಾರ, ಸಾವಯವ ಎಂದು ಹೇಳಿಕೊಂಡು ಪ್ಯಾಕೆಟ್ಟಿನಲ್ಲಿ ಮಾರುವ ಆಹಾರಕ್ಕೆ ಎರಡರಲ್ಲಿ ಒಂದು ವ್ಯವಸ್ಥೆಯ ಪ್ರಮಾಣೀಕರಣ ಬೇಕು: ಹೊರಗಿನ ಸಂಸ್ಥೆಯೊಂದು ಬಂದು ತಪಾಸಣೆ ಮಾಡುವ ಎನ್‌ಪಿಒಪಿ, ಇಲ್ಲವೇ ಅಕ್ಕಪಕ್ಕದ ರೈತರು ಗುಂಪಾಗಿ ಒಬ್ಬರ ಜಮೀನನ್ನು ಇನ್ನೊಬ್ಬರು ಪರಿಶೀಲಿಸುವ ಪಿಜಿಎಸ್-ಇಂಡಿಯಾ. ಇವೆರಡಕ್ಕೂ ಸಾಮಾನ್ಯವಾದ ಗುರುತು ‘ಜೈವಿಕ್ ಭಾರತ್’ ಲಾಂಛನ. ಸಣ್ಣ ಉತ್ಪಾದಕನೊಬ್ಬ ತನ್ನ ಹಾಲನ್ನು ತಾನೇ ನೇರವಾಗಿ ಗಿರಾಕಿಗೆ ಮಾರುವುದಾದರೆ ಅವನಿಗೆ ಪ್ರಮಾಣಪತ್ರದಿಂದ ವಿನಾಯಿತಿ ಇದೆ, ಆದರೆ ಆ ಲಾಂಛನವನ್ನು ಅವನು ಬಳಸುವಂತಿಲ್ಲ. ಅಂಗಡಿಯ ಮೂಲಕ ಮಾರಿದರೆ ಈ ವಿನಾಯಿತಿ ಅನ್ವಯಿಸದು. ಆದರೂ ಅಂಗಡಿಯವರು “ನಮಗೆ ಒಬ್ಬ ರೈತರೇ ಕ್ಯಾನಿನಲ್ಲಿ ತಂದುಕೊಡುತ್ತಾರೆ” ಎಂದರೆ ಅದನ್ನು ತಕ್ಷಣ ತಳ್ಳಿಹಾಕಬೇಕಿಲ್ಲ. ಯಾವ ಊರು, ಎಷ್ಟು ಹಸು, ದಿನಕ್ಕೆ ಎಷ್ಟು ಲೀಟರ್ ಬರುತ್ತದೆ ಎಂದು ಕೇಳಿ. ನಾಲ್ಕು ಹಸುವಿನ ಮನೆಯಿಂದ ನಾಲ್ಕು ಶಾಖೆಗಳಿಗೆ ಹಾಲು ಬರುತ್ತದೆ ಎಂಬ ಲೆಕ್ಕವನ್ನು ಯಾರೂ ನಂಬಬೇಕಾಗಿಲ್ಲ.

ಇನ್ನು ‘ಎ2 ಹಾಲು’. ಅದು ಹಾಲಿನಲ್ಲಿರುವ ಬೀಟಾ ಕೇಸಿನ್ ಎಂಬ ಪ್ರೋಟೀನಿನ ಒಂದು ಬಗೆಯ ಹೆಸರು. ಮೇವಿಗೂ ಅದಕ್ಕೂ ಸಂಬಂಧವಿಲ್ಲ. 2024ರ ಆಗಸ್ಟ್‌ನಲ್ಲಿ ಎಫ್‌ಎಸ್‌ಎಸ್‌ಎಐ ಇಂಥ ಬರಹಗಳನ್ನು ಪ್ಯಾಕೆಟ್ಟಿನಿಂದ ತೆಗೆಯಲು ಸೂಚಿಸಿ, ಕೆಲವೇ ದಿನಗಳಲ್ಲಿ ಆ ಸೂಚನೆಯನ್ನು ಹಿಂತೆಗೆದುಕೊಂಡಿತು. ಹಾಗಾಗಿ ಆ ಎರಡಕ್ಷರ ಈಗಲೂ ಎಲ್ಲೆಡೆ ಕಾಣುತ್ತದೆ. ಅದನ್ನು ನೋಡಿ ಹಾಲು ಸಾವಯವವೆಂದು ತೀರ್ಮಾನಿಸಬೇಡಿ.

ಲಾಂಛನ ಇದ್ದ ಮಾತ್ರಕ್ಕೆ ಎಲ್ಲ ಅನುಮಾನವೂ ತೀರಿತು ಎನ್ನುವಂತಿಲ್ಲ. ಎಫ್‌ಎಸ್‌ಎಸ್‌ಎಐ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿದಾಗ ಆರೋಗ್ಯಕ್ಕೆ ಹಾನಿಯಾಗುವಂಥ ಕಲಬೆರಕೆ ಸಿಕ್ಕಿದ್ದು 12ರಲ್ಲಿ, ಮಿತಿ ಮೀರಿದ ಆ್ಯಂಟಿಬಯೋಟಿಕ್ ಅಂಶ ಸಿಕ್ಕಿದ್ದು 77ರಲ್ಲಿ. ಆದರೆ ಅಫ್ಲಾಟಾಕ್ಸಿನ್ ಎಂ1 ಎಂಬ ವಿಷ ಮಿತಿ ಮೀರಿದ್ದು 368 ಮಾದರಿಗಳಲ್ಲಿ. ಬೂಷ್ಟು ಹಿಡಿದ ಹಿಂಡಿ, ಜೋಳ, ಒಣಮೇವಿನ ಮೂಲಕ ಈ ವಿಷ ಹಾಲಿಗೆ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಸಾವಯವವಾಗಿ ಬೆಳೆದ ಹಿಂಡಿಯೂ ಮಳೆಗಾಲದಲ್ಲಿ ಸೋರುವ ಮಾಡಿನ ಕೆಳಗಿದ್ದರೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ನೇರವಾಗಿ ರೈತರಿಂದ ಹಾಲು ತರಿಸುವ ಅಂಗಡಿಯವರನ್ನು, ಮೇವು ದಾಸ್ತಾನು ಮಾಡುವ ಜಾಗವನ್ನು ಅವರು ಒಮ್ಮೆಯಾದರೂ ಕಣ್ಣಾರೆ ನೋಡಿದ್ದಾರೆಯೇ ಎಂದು ಕೇಳುವುದು ನನ್ನ ದೃಷ್ಟಿಯಲ್ಲಿ ಲಾಂಛನದಷ್ಟೇ ಮುಖ್ಯ.

ನಮ್ಮ ಸಾಮಾನ್ಯ ದರ್ಶಿನಿಗಳಲ್ಲಿ ಸಾವಯವ ಹಾಲು ಏಕೆ ಸಿಗುವುದಿಲ್ಲ ಎಂಬುದನ್ನು ತಿಳಿಯಲು ಮಂಡ್ಯದ ಕಡೆಯದೋ ಕೋಲಾರದ ಕಡೆಯದೋ ಒಂದು ಹಳ್ಳಿಯ ಹಾಲಿನ ಡೇರಿಯ ಮುಂದೆ ಬೆಳಗ್ಗೆ ಅರ್ಧ ಗಂಟೆ ನಿಂತರೆ ಸಾಕು. ಸ್ಟೀಲ್ ಕ್ಯಾನು ಹಿಡಿದು ಸಾಲಿನಲ್ಲಿ ನಿಂತ ಒಬ್ಬೊಬ್ಬರ ಹಾಲಿನಿಂದಲೂ ಚೂರು ಮಾದರಿ ತೆಗೆದು ಯಂತ್ರಕ್ಕೆ ಕೊಡುತ್ತಾರೆ, ಫ್ಯಾಟು ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು ಎಂದು ಚೀಟಿ ಬರುತ್ತದೆ, ಹಣ ಲೆಕ್ಕ ಹಾಕುವುದು ಆ ಎರಡು ಅಂಕಿಗಳ ಮೇಲೆ. ಆ ಚೀಟಿಯಲ್ಲಿ ಸಾವಯವ ಎಂಬ ಕಾಲಂ ಇಲ್ಲ. ರಾಸಾಯನಿಕ ಗೊಬ್ಬರ ಮುಟ್ಟದ ಹೊಲದ ಹುಲ್ಲನ್ನೇ ತಿಂದ ಹಸುವಿನ ಹಾಲೂ ಪಕ್ಕದ ಮನೆಯ ಹಾಲಿನ ಜೊತೆ ಒಂದೇ ಕೂಲರಿಗೆ ಬೀಳುತ್ತದೆ. ಹೀಗಿದ್ದರೂ ನಂದಿನಿಯ ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲು ಬಳಸುವ ದರ್ಶಿನಿಯನ್ನು ಕೀಳಾಗಿ ಕಾಣಲು ಕಾರಣವಿಲ್ಲ. ಆ ಹಾಲು ಬರುವುದು ರೈತರೇ ಸದಸ್ಯರಾಗಿರುವ ಸಹಕಾರ ಸಂಘಗಳಿಂದ. ಸಂಘಕ್ಕೆ ಹಾಲು ಹಾಕುವವರಿಗೆ ರಾಜ್ಯ ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವೂ ಉಂಟು. 2025ರ ಏಪ್ರಿಲ್‌ನಲ್ಲಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿದಾಗ ಆ ಹೆಚ್ಚಳ ಉತ್ಪಾದಕರಿಗೇ ಸೇರಬೇಕೆಂದು ಸರ್ಕಾರ ತಿಳಿಸಿತ್ತು. ನಿಮಗೆ ರೈತನ ಆದಾಯವೇ ಮೊದಲ ಕಾಳಜಿಯಾಗಿದ್ದರೆ, ರೈತನಿಗೆ ಎಷ್ಟು ಕೊಡುತ್ತೇವೆಂದು ಹೇಳದ ದುಬಾರಿ ಸಾವಯವ ಹಾಲಿಗಿಂತ ಈ ಹಾಲೇ ಮೇಲು.

ಕಾಳಜಿ ಕರುವಿನದಾದರೆ ಪ್ರಶ್ನೆ ಇನ್ನಷ್ಟು ಸೂಕ್ಷ್ಮ. ಎರಡು ಮೊಲೆ ಕರುವಿಗೆ ಬಿಟ್ಟು ಎರಡು ಮೊಲೆ ಕರೆಯುವ ರೂಢಿ ನಾಟಿ ಹಸು ಸಾಕುವ ಮನೆಗಳಲ್ಲಿ ಉಂಟು, ಆದರೆ ಮಲೆನಾಡು ಗಿಡ್ಡದಂಥ ತಳಿ ದಿನಕ್ಕೆ ಕೊಡುವ ಒಂದೆರಡು ಲೀಟರಿನಲ್ಲಿ ಕಾಫಿ ಅಂಗಡಿ ನಡೆಯುವುದಿಲ್ಲ. ಸೀಮೆ ಹಸುವಿನ ಗಂಡು ಕರುವಿಗೆ ಉಳುಮೆಯಲ್ಲಿ ಕೆಲಸವಿಲ್ಲ, 2020ರ ಜಾನುವಾರು ಹತ್ಯೆ ತಡೆ ಕಾಯ್ದೆಯ ನಂತರ ಅದನ್ನು ಮಾರುವ ದಾರಿಯೂ ಕಿರಿದಾಗಿದೆ. ಹೀಗಾಗಿ ‘ಕರುವಿಗೆ ತೊಂದರೆಯಿಲ್ಲ’ ಎಂಬ ಬರಿ ಮಾತಿಗಿಂತ, ಈ ವರ್ಷ ಎಷ್ಟು ಗಂಡು ಕರು ಹುಟ್ಟಿದವು, ಅವು ಈಗ ಎಲ್ಲಿವೆ ಎಂಬ ಪ್ರಶ್ನೆಗೆ ಸಿಗುವ ಉತ್ತರವನ್ನು ನಂಬಿ. ಹೆಣ್ಣು ಕರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯವನ್ನು ಕೃತಕ ಗರ್ಭಧಾರಣೆಗೆ ಬಳಸುತ್ತಿದ್ದೇವೆ ಎಂದರೆ ಅದೂ ಒಂದು ಪ್ರಾಮಾಣಿಕ ಉತ್ತರವೇ. ಹಾಲು ಇಳಿಸಲು ಚುಚ್ಚುಮದ್ದು ಕೊಡುತ್ತಾರೆಯೇ ಎಂದೂ ಕೇಳಬಹುದು. ಹಾಲು ಹೆಚ್ಚಿಸಲೆಂದು ಪ್ರಾಣಿಯ ಆರೋಗ್ಯಕ್ಕೆ ಹಾನಿ ಮಾಡುವ ಮದ್ದನ್ನು ಚುಚ್ಚುವುದು ಪ್ರಾಣಿ ಹಿಂಸೆ ತಡೆ ಕಾಯ್ದೆಯ 12ನೇ ಕಲಮಿನಡಿ ಅಪರಾಧ.

ಈ ಪ್ರಶ್ನೆಗಳನ್ನೆಲ್ಲ ಬೆಳಗಿನ ಎಂಟು ಗಂಟೆಯ ನೂಕುನುಗ್ಗಲಿನಲ್ಲಿ ಕೇಳಿದರೆ ಉತ್ತರ ಸಿಗುವುದಿಲ್ಲ, ಹಿಂದೆ ನಿಂತವರ ಗೊಣಗಾಟ ಸಿಗುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ, ಕಾಫಿ ಕುಡಿದು ಹಣ ಕೊಟ್ಟ ಮೇಲೆ, “ಯಜಮಾನ್ರೇ, ಹಾಲು ಎಲ್ಲಿಂದ ತರಿಸ್ತೀರಿ?” ಎಂದು ಮಾತು ತೆಗೆಯಿರಿ. ತಪಾಸಣೆಗೆ ಬಂದ ಅಧಿಕಾರಿಯ ಧಾಟಿ ಬೇಡ.

ಹಾಲೇ ಬೇಡವೆನ್ನುವವರಿಗೆ ಬಾದಾಮಿ, ಓಟ್ಸ್, ಸೋಯಾ ಪಾನೀಯಗಳಿವೆ. ನಮ್ಮ ಕಾನೂನಿನಲ್ಲಿ ಇವುಗಳನ್ನು ಹಾಲು ಎಂದು ಕರೆಯುವಂತಿಲ್ಲದ್ದರಿಂದ ಡಬ್ಬಿಯ ಮೇಲೆ ‘ಡ್ರಿಂಕ್’ ಎಂದೋ ‘ಬೆವರೇಜ್’ ಎಂದೋ ಇರುತ್ತದೆ. ನಮ್ಮಲ್ಲಿಗೆ ಬರುವ ಬಾದಾಮಿಯಲ್ಲಿ ಹೆಚ್ಚಿನದು ನೀರಿಗೆ ತತ್ವಾರವಿರುವ ಕ್ಯಾಲಿಫೋರ್ನಿಯಾದ್ದು ಎಂಬುದನ್ನು ನೆನಪಿಟ್ಟುಕೊಂಡರೆ, ಇಲ್ಲೇ ಬೆಳೆಯುವ ಸೋಯಾ ಕಡೆಗೆ ಮನಸ್ಸು ವಾಲುತ್ತದೆ. ಸೋಯಾದ ತೊಂದರೆ ಒಂದೇ, ಅದು ಒಡೆಯುತ್ತದೆ. ಕಾಫಿಯ ಹುಳಿಯೂ ಶಾಖವೂ ಒಟ್ಟಿಗೆ ತಾಗಿದರೆ ಅದರ ಪ್ರೋಟೀನ್ ಗಟ್ಟಿಯಾಗಿ ಲೋಟದಲ್ಲಿ ಬಿಳಿ ಚೂರುಗಳು ತೇಲತೊಡಗುತ್ತವೆ. ಕಡಿಮೆ ಹುರಿದ ಬೀಜದ ಕಾಫಿ ಹೆಚ್ಚು ಹುಳಿ. ಆದ್ದರಿಂದ ಸೋಯಾ ಬೇಕೆಂದರೆ ಚೆನ್ನಾಗಿ ಹುರಿದ ಪುಡಿಯ ಕಾಫಿಯನ್ನೇ ಕೇಳಿ. ಸೋಯಾವನ್ನು ಕುದಿಸದೆ ಬಿಸಿ ಮಾಡಿ ಮೊದಲು ಲೋಟಕ್ಕೆ ಹಾಕಿ, ಒಂದು ನಿಮಿಷ ಆರಿದ ಡಿಕಾಕ್ಷನ್ನನ್ನು ಅದರ ಮೇಲೆ ಸಣ್ಣ ಧಾರೆಯಾಗಿ ಬಿಡಲು ಹೇಳಿ.

ಪುಡಿಯ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ. ಚಿಕೋರಿ ಬೆರೆಸಿದ ಪುಡಿಯ ಪ್ಯಾಕೆಟ್ಟಿನ ಮೇಲೆ ಅದರ ಪ್ರಮಾಣ ಬರೆದಿರಲೇಬೇಕು, ಕಾಫಿ ಶೇ 51ಕ್ಕಿಂತ ಕಡಿಮೆಯಿರುವಂತಿಲ್ಲ. ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ಕೊಡಗಿನ ಅರೇಬಿಕಾಗಳಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಿ ಊರನ್ನು ಖಾತ್ರಿಪಡಿಸುತ್ತದೆಯೇ ಹೊರತು ತೋಟದಲ್ಲಿ ದುಡಿದವರ ಕೂಲಿಯನ್ನಲ್ಲ.

ಕೊನೆಯದು ಪ್ರಮಾಣ. ದೊಡ್ಡ ಕಪ್ಪಿನ ಲ್ಯಾಟೆಗೆ ಸುಮಾರು ಕಾಲು ಲೀಟರ್ ಹಾಲು ಬೇಕು. ದರ್ಶಿನಿಯ ಲೋಟದ ಕಾಫಿಗೆ ಅದರ ಅರ್ಧವೂ ಬೇಡ. ಒಳಗೆ ಪ್ಲಾಸ್ಟಿಕ್ ಪದರವಿರುವ ಕಾಗದದ ಕಪ್ಪು ಬೇಡವೆಂದು ಹೇಳಿ, ಸ್ಟೀಲ್ ಲೋಟದಲ್ಲೇ ಕೊಡಲು ಕೇಳಿ. ಜೊತೆಗೆ ಸ್ನೇಹಿತರಿದ್ದರೆ ಬೈ ಟೂ ಹೇಳಿ.