ಕೋಡಿಯಕ್ಕರೈಗೆ ಹಕ್ಕಿ ನೋಡೋಕೆ, ಫೋಟೋ ತೆಗೆಯೋಕೆ ಹೋಗೋದು ಹೇಗೆ?

ತಮಿಳುನಾಡಿನ ಮ್ಯಾಪ್ ನೋಡಿ, ನಾಗಪಟ್ಟಿಣಂ ಕೆಳಗೆ ಕರಾವಳಿ ತಟ್ಟಂತ ಪಶ್ಚಿಮಕ್ಕೆ ತಿರುಗೋ ಒಂದು ಮೂಲೆ ಇದೆಯಲ್ಲ, ಒಂದು ಕಡೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆ ಪಾಕ್ ಜಲಸಂಧಿ, ಅದೇ ಕೋಡಿಯಕ್ಕರೈ, ಪಾಯಿಂಟ್ ಕ್ಯಾಲಿಮಿಯರ್ ಅಂತಾನೂ ಹೇಳ್ತಾರೆ. 1967ರಲ್ಲಿ ಅಭಯಾರಣ್ಯ ಆಯ್ತು, 2002ರಲ್ಲಿ ರಾಮ್ಸರ್ ಪಟ್ಟಿಗೆ, ಅಂದ್ರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರ್ತು.

ಮೊದಲು ಟೈಮ್ ಸರಿಯಾಗಿ ಆರಿಸಿಕೊಳ್ಳಿ. ವಲಸೆ ಹಕ್ಕಿಗಳು ಅಕ್ಟೋಬರ್‌ನಿಂದಲೇ ಬರ್ತವೆ ನಿಜ, ಆದ್ರೆ ಆಗ ಹಿಂಗಾರು ಮಳೆ, ಜೊತೆಗೆ ಚಂಡಮಾರುತದ ಭಯ (2018ರ ನವೆಂಬರ್‌ನಲ್ಲಿ ಗಜ ಬಂದು ಹೊಡೆದಿದ್ದು ಇದೇ ಊರುಗಳಿಗೆ), ಅದಕ್ಕೇ ಡಿಸೆಂಬರ್ ಕೊನೆಯಿಂದ ಫೆಬ್ರವರಿ ಒಳಗೆ ಹೋಗಿಬಿಡಿ. ಬೆಂಗಳೂರಿಂದ ರಾತ್ರಿ ರೈಲಲ್ಲಿ ತಂಜಾವೂರು, ಅಲ್ಲಿಂದ ಬಸ್ಸೋ ಟ್ಯಾಕ್ಸಿಯೋ ಹಿಡಿದು ವೇದಾರಣ್ಯಂ, ಅಲ್ಲಿಂದ ಸುಮಾರು 10 ಕಿಲೋಮೀಟರ್. ರೂಮ್, ಅರಣ್ಯ ಇಲಾಖೆ ಪರ್ಮಿಷನ್ ಎರಡನ್ನೂ ಮೊದಲೇ ಮಾಡಿಸ್ಕೊಳ್ಳಿ.

ಬೆಳಗಿನ ಜಾವ ಸೀದಾ ಜೌಗಿನ ಕಡೆ, ಉಪ್ಪಿನಾಗರದ ಕಡೆ ಹೋಗಿ. ಸೂರ್ಯ ನಿಮ್ಮ ಬೆನ್ನಿಗಿರ್ಲಿ. ಈಗ ಮುಖ್ಯವಾದ ಮಾತು, ಹಕ್ಕಿ ಹಿಂದೆ ನಡೀಬೇಡಿ, ನೀರಿನಂಚಲ್ಲಿ ಕೆಸರಿನ ಮೇಲೇ ಹೊಟ್ಟೆ ಹಾಕಿ ಮಲಗಿ, ಲೆನ್ಸ್ ಕೆಳಗೊಂದು ಬೀನ್ ಬ್ಯಾಗ್ (ಕಾಳು ತುಂಬಿದ ಸಣ್ಣ ಚೀಲ) ಇಟ್ಟು ಅಲ್ಲಾಡದೆ ಕಾಯಿರಿ. ನಾನು ಹಾಗೆ ಮುಕ್ಕಾಲು ಗಂಟೆ ಮಲಗಿದ್ದಾಗ ಒಂದು ಲಿಟಲ್ ಸ್ಟಿಂಟ್, ಗುಬ್ಬಚ್ಚಿಯಷ್ಟೇ ಇರೋ ಹಕ್ಕಿ, ಕೆಸರಿಗೆ ಕೊಕ್ಕು ಚುಚ್ಚುತ್ತಾ ಚುಚ್ಚುತ್ತಾ ಎಷ್ಟು ಹತ್ರ ಬಂತು ಅಂದ್ರೆ ಲೆನ್ಸ್ ಫೋಕಸ್ಸೇ ಆಗ್ಲಿಲ್ಲ, ಕೊಕ್ಕಿನ ತುದೀಲಿ ಅಂಟಿದ್ದ ಕೆಸರು ಬರಿಗಣ್ಣಿಗೇ ಕಾಣ್ತಿತ್ತು. ಉತ್ತರ ಧ್ರುವದ ಹತ್ತಿರದ ಬಯಲಲ್ಲಿ ಮರಿ ಮಾಡಿ ಇಲ್ಲೀವರೆಗೂ ಹಾರಿ ಬಂದಿರೋ ಜೀವ ಅದು!

ರಾಜಹಂಸಗಳಿಗೆ (ಫ್ಲೆಮಿಂಗೊ) ಮಾತ್ರ ದೂರದಿಂದಲೇ ಕೈಮುಗೀರಿ. ತಲೆ ತಲೆಕೆಳಗು ಮಾಡಿ ನೀರು ಸೋಸಿಕೊಂಡು ತಿಂತಿರ್ತವೆ, ಎಲ್ಲಾ ಒಟ್ಟಿಗೆ ಕತ್ತೆತ್ತಿದ್ರೆ ನೀವು ಜಾಸ್ತಿ ಹತ್ರ ಹೋಗಿದ್ದೀರಿ ಅಂತಲೇ ಅರ್ಥ, ನಿಂತುಬಿಡಿ, ಆಮೇಲೆ ನಿಧಾನಕ್ಕೆ ಹಿಂದೆ ಸರೀರಿ. ರೆಕ್ಕೆಯ ಕೆಂಪು ಸಿಗ್ಲಿ ಅಂತ ಚಪ್ಪಾಳೆ ತಟ್ಟಿ ಹಾರಿಸೋರಿದ್ದಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ. ದೊಡ್ಡ ದೇಹ, ನೀರಲ್ಲಿ ಓಡಿಯೇ ಮೇಲೇಳಬೇಕು, ತಿಂದು ಕೂಡಿಟ್ಟ ಕಸುವು ಸುಮ್ನೆ ಖರ್ಚಾಗುತ್ತೆ. ಬಿಳಿ ಹಕ್ಕಿ ಬಿಸಿಲಲ್ಲಿ ಸುಟ್ಟಂಗೆ ಬರುತ್ತೆ, ಎಕ್ಸ್‌ಪೋಷರ್ (ಫೋಟೋಗೆ ಬೀಳೋ ಬೆಳಕು) ಸ್ವಲ್ಪ ಮೈನಸ್ ಮಾಡಿ. ತಾವಾಗೇ ಹಾರಿದ್ರೆ ಶಟರ್ ಸ್ಪೀಡ್ 1/2000 ಸೆಕೆಂಡ್ ಇರ್ಲಿ.

ಬಿಸಿಲೇರಿದ ಮೇಲೆ ಫೋಟೋ ಬರಲ್ಲ, ಊಟ ಮಾಡಿ ಮಲ್ಕೊಳ್ಳಿ. ಸಂಜೆ ಹುಲ್ಲುಗಾವಲಿಗೆ ಹೋದ್ರೆ ಕೃಷ್ಣಮೃಗ ಸಿಗ್ತವೆ, ಗಾಡಿಯಿಂದ ಇಳೀದೇ ತೆಗೀರಿ.

ರೂಮಿಗೆ ಬಂದ್ಮೇಲೆ ಫೋಟೋಗಳನ್ನ ಜೂಮ್ ಮಾಡಿ ಹಕ್ಕಿಗಳ ಕಾಲು ನೋಡಿ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಹಕ್ಕಿಗಳು ಎಲ್ಲಿಂದ ಎಲ್ಲಿಗೆ ಹೋಗ್ತವೆ ಅಂತ ತಿಳಿಯೋಕೆ ಇಲ್ಲಿ ದಶಕಗಳಿಂದ ಅವುಗಳ ಕಾಲಿಗೆ ಉಂಗುರ ಹಾಕ್ತಾ ಬಂದಿದ್ದಾರೆ. ಉಂಗುರವೋ ಬಣ್ಣದ ಪಟ್ಟಿಯೋ ಕಂಡ್ರೆ ಅದರ ಅಕ್ಷರ, ನಂಬರ್, ಯಾವ ಕಾಲು, ದಿನ, ಜಾಗ ಎಲ್ಲಾ ಬರೆದು ಫೋಟೋ ಸಮೇತ ಅವರಿಗೆ ಕಳಿಸಿ, ಫೋಟೋ ಮಸುಕಾಗಿದ್ರೂ ಪರವಾಗಿಲ್ಲ, ನಂಬರ್ ಓದೋಕೆ ಬಂದ್ರೆ ಸಾಕು.