ಖಾಲಿ ಹೊಡೀತಿದ್ದ ಮೂರನೇ ಹಾಲ್ ತುಂಬಿಸಿದ್ದು: ನನ್ನ ಅನುಭವ

ಬೆಂಗಳೂರಲ್ಲಿ ನಾವೊಂದಿಷ್ಟು ಜನ ಸೇರ್ಕೊಂಡು ವರ್ಷಕ್ಕೊಂದ್ಸಲ ಡೆವಲಪರ್ ಕಾನ್ಫರೆನ್ಸ್ ಮಾಡ್ತೀವಿ, ಎರಡು ದಿನ, ಮೂರು ಹಾಲ್, ಹತ್ತಿರ ಹತ್ತಿರ 600 ಜನ. ಟಾಕ್ ಆರಿಸೋದು, ಸ್ಪೀಕರ್‌ಗಳನ್ನ ನೋಡ್ಕೊಳೋದು ನನ್ನ ಪಾಲಿನ ಕೆಲಸ. ಎರಡು ವರ್ಷದ ಹಿಂದೆ ಮೂರನೇ ಹಾಲಲ್ಲಿ ಊಟ ಆದ್ಮೇಲಿನ ಸೆಷನ್‌ಗೆ 120 ಕುರ್ಚಿ ಹಾಕ್ಸಿದ್ವಿ, ಕೂತಿದ್ದು 14 ಜನ, ಅದರಲ್ಲೂ ನಾಲ್ಕು ಜನ ನಮ್ಮ ವಾಲಂಟಿಯರ್‌ಗಳೇ. ಮಾತಾಡಿದವ್ರು ಹುಬ್ಬಳ್ಳಿ ಹೆಣ್ಮಗಳು, ಸ್ವಂತ ದುಡ್ಡಲ್ಲಿ ರಾತ್ರಿ ಬಸ್ ಹತ್ತಿ ಬಂದಿದ್ರು. ಅವತ್ತು ಅವ್ರ ಮುಖ ನೋಡೋಕೆ ನನ್ನಿಂದ ಆಗ್ಲಿಲ್ಲ.

ಪ್ರಮೋಷನ್ ಸಾಲ್ದು ಅಂತ ಟೀಮಲ್ಲಿ ಎಲ್ರೂ ಅಂದ್ರು. ಆದ್ರೆ ಆ ವರ್ಷ ಇನ್‌ಸ್ಟಾಗ್ರಾಂ ಆಡ್‌ಗೇ 22 ಸಾವಿರ ಸುರಿದಿದ್ವಿ, ಅದರಿಂದ ಬಂದ ಟಿಕೆಟ್ ಒಂಬತ್ತೋ ಹತ್ತೋ. ಸ್ಪೀಕರ್ ಫೋಟೋ ಇರೋ ಪೋಸ್ಟರ್ ಡಿಸೈನ್, ಫ್ಲೆಕ್ಸ್, ಸ್ಟ್ಯಾಂಡಿ ಎಲ್ಲಾ ಸೇರಿ ಇನ್ನೊಂದು 45 ಸಾವಿರ. ಪೋಸ್ಟರ್ ನೋಡಿ ಯಾರೂ ಹಾಲ್ ಬದಲಾಯಿಸಲ್ಲ, ಬೆಳಿಗ್ಗೆ ಕಾಫಿ ಕುಡೀತಾ ಶೆಡ್ಯೂಲಲ್ಲಿ ಟೈಟಲ್ ನೋಡಿ ಬದಲಾಯಿಸ್ತಾರೆ. ಇದನ್ನ ನಾನು ಹೇಳಿದಾಗ ಯಾರೂ ಒಪ್ಲಿಲ್ಲ.

ಮುಂದಿನ ವರ್ಷ ಅದೇ ಹೆಣ್ಮಗಳಿಗೆ ನಾನೇ ಫೋನ್ ಮಾಡ್ದೆ, ಅದೇ ಟಾಕ್ ಮತ್ತೆ ಕೊಡಿ ಅಂತ. ಹಳೇ ಟೈಟಲ್ 'ಪೋಸ್ಟ್‌ಗ್ರೆಸ್ ಪರ್ಫಾರ್ಮೆನ್ಸ್ ಟ್ಯೂನಿಂಗ್', ಅಂದ್ರೆ ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸನ್ನ ಚೆನ್ನಾಗಿ ಓಡ್ಸೋದು ಹೇಗೆ ಅಂತ. ಇದನ್ನ ನೀವು ಯಾಕೆ ಕಲೀಬೇಕಾಯ್ತು ಅಂತ ಕೇಳಿದ್ದೇ ತಡ, "ಸರ್, ರಾತ್ರಿ ಎರಡಕ್ಕ ಫೋನ್ ಬಂತ್ರೀ, ಆ್ಯಪ್ ಬಂದ್ ಆಗೇತಿ ಅಂತ" ಅಂತ ಶುರು ಮಾಡಿದವ್ರು ಇಪ್ಪತ್ತು ನಿಮಿಷ ನಿಲ್ಲಿಸ್ಲಿಲ್ಲ. ಆ್ಯಪ್‌ನ ಆರು ಪಾಡ್ (ಒಟ್ಟೊಟ್ಟಿಗೆ ಓಡೋ ಪ್ರತಿಗಳು), ಒಂದೊಂದರ ಪೂಲಲ್ಲಿ ಡೇಟಾಬೇಸ್‌ಗೆ 20 ಕನೆಕ್ಷನ್, ಒಟ್ಟು 120; ಡೇಟಾಬೇಸಲ್ಲಿ ಡೀಫಾಲ್ಟ್ ಮಿತಿ 100. ಲಾಗ್ ತುಂಬಾ ಒಂದೇ ಸಾಲು: 'ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ', ಅಂದ್ರೆ ಇನ್ನೊಂದು ಕನೆಕ್ಷನ್‌ಗೆ ಜಾಗ ಇಲ್ಲ. ಆ ಎರರ್ ಮೆಸೇಜನ್ನೇ ಟೈಟಲ್ ಮಾಡಿದ್ವಿ. ಪೋಸ್ಟ್‌ಗ್ರೆಸ್ ಓಡ್ಸೋರಿಗೆ ಆ ಸಾಲು ನೋಡಿದ್ರೇ ಹೊಟ್ಟೇಲಿ ಸಂಕಟ ಆಗುತ್ತೆ, ಬಂದೇ ಬರ್ತಾರೆ. ಉಳಿದ ಮೂವತ್ತು ಚಿಲ್ಲರೆ ಟಾಕ್‌ಗಳಿಗೂ ಹೀಗೇ, ಒಬ್ಬೊಬ್ಬರಿಗೆ ಅರ್ಧ ಗಂಟೆ ಫೋನ್, ಅವ್ರು ಹೇಳಿದ ಕತೆಯಿಂದಲೇ ಅಬ್‌ಸ್ಟ್ರಾಕ್ಟ್ (ಟಾಕ್‌ನ ಚಿಕ್ಕ ಪರಿಚಯ) ಬರೆದ್ವಿ.

ಎರಡನೇದು ರಿಹರ್ಸಲ್, ಎಲ್ರಿಗೂ ಎರಡೆರಡು ಸಲ, ವಿಡಿಯೋ ಕಾಲಲ್ಲಿ. ಜಗಳ ಆಗಿದ್ದೇ ಇದಕ್ಕೆ. ಸೀನಿಯರ್‌ಗಳು ಬೇಜಾರ್ ಮಾಡ್ಕೋತಾರೆ ಅಂದ್ರು, ಇಬ್ರು ನಿಜವಾಗ್ಲೂ ಹಿಂದೆ ಸರಿದ್ರು, ಹೋಗ್ಲಿ ಅಂತ ಬಿಟ್ಟೆ. ಮೊದಲ ರಿಹರ್ಸಲ್‌ಗೆ ಆ ವಿಷಯ ಗೊತ್ತಿಲ್ಲದವ್ರನ್ನ ಕೂರಿಸ್ತೀವಿ, ಎರಡನೇದಕ್ಕೆ ಅದರಲ್ಲೇ ಪಳಗಿದವ್ರನ್ನ. ಹುಬ್ಬಳ್ಳಿಯವ್ರ ಸ್ಲೈಡಲ್ಲಿ, ಇರೋ ಕನೆಕ್ಷನ್‌ಗಳನ್ನೇ ಹಂಚಿಕೊಡೋ ಪಿಜಿಬೌನ್ಸರ್ ಅನ್ನೋ ಟೂಲ್‌ನ ಟ್ರಾನ್ಸಾಕ್ಷನ್ ಮೋಡಲ್ಲಿ ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಮೊದಲೇ ಸಿದ್ಧ ಮಾಡಿಟ್ಟ ಕ್ವೆರಿ) ನಡೆಯಲ್ಲ ಅಂತಿತ್ತು. ಕೇಳ್ತಿದ್ದವ್ರೊಬ್ರು ತಡೆದು, 2023ರಲ್ಲಿ ಬಂದ 1.21 ವರ್ಷನ್‌ನಿಂದ ಸೆಟ್ಟಿಂಗ್ ಹಾಕಿದ್ರೆ ನಡೆಯುತ್ತೆ ಅಂದ್ರು. ಸ್ಟೇಜ್ ಮೇಲೆ ಯಾರೋ ಎದ್ದು ಹೇಳಿದ್ರೆ ಅವ್ರ ಗತಿ ಏನಾಗ್ಬೇಕಿತ್ತು ಹೇಳಿ. ಲೈವ್ ಡೆಮೋ ಇದ್ದವ್ರೆಲ್ಲ ರೆಕಾರ್ಡಿಂಗ್ ಒಂದು ಇಟ್ಕೊಂಡಿರ್ಲೇಬೇಕು, ಟರ್ಮಿನಲ್ (ಕಮಾಂಡ್ ಟೈಪ್ ಮಾಡೋ ಸ್ಕ್ರೀನ್) ಬಿಳಿ ಬ್ಯಾಕ್‌ಗ್ರೌಂಡಲ್ಲೇ ಇರ್ಬೇಕು ಅಂತಾನೂ ರೂಲ್ ಮಾಡಿದ್ವಿ, ನಮ್ಮ ಮೂರನೇ ಹಾಲಲ್ಲಿ ಮಧ್ಯಾಹ್ನ ಕಿಟಕಿ ಬಿಸಿಲು ನೇರ ಸ್ಕ್ರೀನ್ ಮೇಲೆ ಬೀಳುತ್ತೆ.

ಪ್ರಮೋಷನ್‌ಗೆ ಒಂದು ಪೈಸೆ ಆಡ್ ಹಾಕ್ಲಿಲ್ಲ. ಸ್ಪೀಕರ್‌ಗಳು ಮೊಬೈಲಲ್ಲೇ 60 ಸೆಕೆಂಡ್ ವಿಡಿಯೋ ಮಾಡಿ, ಅವರವರ ಆಫೀಸ್, ಕಾಲೇಜ್ ವಾಟ್ಸ್ಯಾಪ್ ಗ್ರೂಪ್‌ಗಳಿಗೆ ಹಾಕೋದು, ಯಾವ ಭಾಷೇಲಿ ಬೇಕಾದ್ರೂ. ಕಾನ್ಫರೆನ್ಸ್ ದಿನ ಬೆಳಿಗ್ಗೆ ಟಿಕೆಟ್ ತಗೊಂಡವ್ರಿಗೆಲ್ಲ ಒಂದು ಮೆಸೇಜ್ ಹೋಗುತ್ತೆ, ಅದರಲ್ಲಿ ಏನು ಬರೀತೀವಿ ಅನ್ನೋದನ್ನ ಮಾತ್ರ ಇಲ್ಲಿ ಹೇಳಲ್ಲ, ಮುಂದಿನ ವರ್ಷಕ್ಕೂ ಬೇಕು ಅದು.

ಮಧ್ಯೆ ಇನ್ನೆರಡು ಪ್ರಯೋಗ. ವರ್ಕ್‌ಶಾಪಲ್ಲಿ 40 ಜನ ಒಂದೇ ಸಲ ಒಂದೂವರೆ ಜಿಬಿ ಡಾಕರ್ ಇಮೇಜ್ (ಬೇಕಾದ ಸಾಫ್ಟ್‌ವೇರ್ ಎಲ್ಲ ಕಟ್ಟಿಟ್ಟ ಫೈಲ್) ಎಳೆಯೋಕೆ ಹೋಗಿ ಹಾಲ್‌ನ ವೈಫೈ ಮಲಗಿ, ಮೊದಲ ಒಂದು ಗಂಟೆ ಹಾಳಾಗಿತ್ತು ಹಿಂದಿನ ವರ್ಷ. ಈ ಸಲ ನನ್ನ ಹಳೇ ಲ್ಯಾಪ್‌ಟಾಪಲ್ಲಿ ಆ ಇಮೇಜ್‌ಗಳನ್ನ ಅಲ್ಲೇ ಹಂಚೋಕೆ ಲೋಕಲ್ ರಿಜಿಸ್ಟ್ರಿ ಎಬ್ಬಿಸಿ 3,500ರ ರೌಟರ್ ಹಾಕ್ದೆ, ಅದೂ ಕೈ ಕೊಟ್ರೆ ಇರ್ಲಿ ಅಂತ ಹತ್ತು ಪೆನ್‌ಡ್ರೈವ್. ಇನ್ನೊಂದು ಫೀಡ್‌ಬ್ಯಾಕ್. ಫಾರ್ಮ್ ಕಳಿಸಿದ್ರೆ 600ರಲ್ಲಿ 40 ಜನ ತುಂಬ್ತಿದ್ರು. ಬಾಗಿಲ ಹತ್ರ ಎರಡು ಸ್ಟೀಲ್ ಡಬ್ಬಿ ಇಟ್ಟು ಒಳಗೆ ಬರೋರ ಕೈಗೆ ಒಂದೊಂದು ಅವರೆಕಾಳು ಕೊಟ್ವಿ, ಇಷ್ಟ ಆದ್ರೆ ಎಡಗಡೆ, ಇಲ್ಲಾಂದ್ರೆ ಬಲಗಡೆ. ಮುಕ್ಕಾಲು ಭಾಗ ಜನ ಹಾಕಿ ಹೋದ್ರು, ಐದು ನಿಮಿಷದಲ್ಲಿ ಎಣಿಸಿ ಸ್ಪೀಕರ್‌ಗೆ ಹೇಳ್ತಿದ್ವಿ.

ಅದೇ ಮೂರನೇ ಹಾಲ್, ಅದೇ ಊಟದ ನಂತರದ ಟೈಮು, ಅದೇ ಹೆಣ್ಮಗಳು. ಕುರ್ಚಿ ತುಂಬಿ ಹಿಂದೆ ಗೋಡೆಗೆ ಒರಗಿ ಮೂವತ್ತು ಜನ ನಿಂತಿದ್ರು, ರಿಹರ್ಸಲ್ ಯಾಕೆ ಅಂತ ನನ್ನ ಜೊತೆ ಜಗಳ ಆಡಿದವ್ರೂ ಅಲ್ಲೇ ನೆಲದ ಮೇಲೆ ಕೂತು ನೋಟ್ಸ್ ಮಾಡ್ಕೋತಿದ್ರು. ಎಡಗಡೆ ಡಬ್ಬೀಲಿ 104 ಕಾಳು. ಇದಕ್ಕೆಲ್ಲ ಒಟ್ಟು ಖರ್ಚು 31 ಸಾವಿರ ಚಿಲ್ಲರೆ, ಅದರಲ್ಲಿ ದೊಡ್ಡ ಪಾಲು ಹೊರ ಊರಿನ ಸ್ಪೀಕರ್‌ಗಳ ಬಸ್ ಚಾರ್ಜು.